18 ತುಂಬಿದ ಮೇಲೆ ಗಾರ್ಡಿಯನ್‌ಶಿಪ್ ಮತ್ತು ನಿರಾಮಯ: ಎಷ್ಟು ಉಪಯೋಗ?

ಆಟಿಸಂ ಇರುವ ಮಗನಿಗೋ ಮಗಳಿಗೋ 18 ತುಂಬಿದರೆ ಅಪ್ಪ-ಅಮ್ಮನ ಸಹಿ ತಾನಾಗಿ ನಡೆಯುವುದಿಲ್ಲ. ಆಗ ಬೇಕಾಗುವುದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಕೊಡುವ ಗಾರ್ಡಿಯನ್‌ಶಿಪ್ ಪತ್ರ, ಅಂದರೆ ಕಾನೂನುಬದ್ಧ ಪೋಷಕರೆಂಬ ನೇಮಕ. ಕೋರ್ಟಿಗೆ ಅಲೆಯಬೇಕಿಲ್ಲ. ಈ ಸೇವೆಯ ದೊಡ್ಡ ಗುಣವೇ ಅದು.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಯುಡಿಐಡಿಯಲ್ಲಿ (ವಿಕಲಚೇತನರ ಗುರುತಿನ ಚೀಟಿ) ಮುಂದೆ, ಟಿಸಿಯಲ್ಲಿ ಇಲ್ಲವೇ ಇಲ್ಲ! ಮೊದಲು ಮೂರನ್ನೂ ಒಂದೇ ಥರ ಮಾಡಿಸಿ. ಯುಡಿಐಡಿ ಅವಧಿ ಮುಗಿದಿದ್ದರೆ ಮತ್ತೆ ಮೌಲ್ಯಮಾಪನ ಆಗಬೇಕು. ಅದಕ್ಕೆ ಬಳಸುವ, ಆಟಿಸಂ ಎಷ್ಟಿದೆ ಎಂದು ಅಳೆಯುವ ಐಎಸ್‌ಎಎ ಮಾಪಕದಲ್ಲೇ 40 ಅಂಶಗಳಿವೆ, ಗಡಿಬಿಡಿಯಲ್ಲಿ ಆಗುವ ಕೆಲಸವಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯವರು ಮಳೆಗಾಲ ಹಿಡಿಯುವ ಮುಂಚೆ ಶಿವಮೊಗ್ಗಕ್ಕೆ ಬಂದು ಮುಗಿಸಿಕೊಳ್ಳಿ. ತುಂಬಿದ ಬಸ್ಸು, ಆಮೇಲೆ ಉದ್ದದ ಸಾಲು, ಗದ್ದಲ ತಾಳದವರಿಗೆ ಎರಡೂ ಒಂದೇ ದಿನ ಬೇಡ. ಯಾವ ದಿನ ಬರಬೇಕೆಂದು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಮೊದಲೇ ವಿಚಾರಿಸಿ.

ಪತ್ರ ಕೈಗೆ ಬಂದಮೇಲೆ ಬಹಳ ಜನ ಮರೆಯುವ ಕೆಲಸ ಒಂದಿದೆ. ಮಗ ಅಥವಾ ಮಗಳ ಹೆಸರಿನಲ್ಲಿರುವ ಆಸ್ತಿಯ ಪಟ್ಟಿಯನ್ನು, ಅರ್ಧ ಎಕರೆ ಅಡಿಕೆ ತೋಟವಿದ್ದರೂ ಸರಿ, 6 ತಿಂಗಳೊಳಗೆ ಅದೇ ಸಮಿತಿಗೆ ಕೊಡಬೇಕು. ಆಮೇಲೆ ವರ್ಷವರ್ಷವೂ ಲೆಕ್ಕ.

ನ್ಯಾಷನಲ್ ಟ್ರಸ್ಟ್‌ನದೇ ಆದ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ, ಥೆರಪಿಗೂ ಸಿಗುತ್ತದೆ. ಖಂಡಿತ ಮಾಡಿಸಿ, ನವೀಕರಣ ತಪ್ಪಿಸಬೇಡಿ.

ಕೊರತೆ ಇರುವುದು ಬೇರೆ ಕಡೆ. ಶಾಲೆ ಮುಗಿದವರು ಹಗಲು ಎಲ್ಲಿಗೆ ಹೋಗಬೇಕು, ಏನು ಕಲಿಯಬೇಕು ಎಂಬುದಕ್ಕೆ ಈ ಎರಡರಲ್ಲೂ ಉತ್ತರವಿಲ್ಲ. ತಾಲ್ಲೂಕಿಗೊಂದು ಹಗಲು ಕೇಂದ್ರ ಬೇಕೆಂದು ಪೋಷಕರು ಒಟ್ಟಾಗಿ ಬರವಣಿಗೆಯಲ್ಲೇ ಕೇಳಿ. ಎಷ್ಟು ಜನ, ಯಾವ ವಯಸ್ಸು, ಯಾವ ಊರು ಎಂದು ಪಟ್ಟಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಡಿ.