ಎಫ್‌ಪಿಎಲ್ ಡ್ರಾಫ್ಟ್: ಆರ್ಸೆನಲ್ ಪಟ್ಟಿ ಹಿಡಿದು ಒಂದು ಪರೀಕ್ಷೆ

ಕೊಡವ ಕೌಟುಂಬಿಕ ಹಾಕಿಯಲ್ಲಿ ಆಟಗಾರರನ್ನು ಆರಿಸುವ ತಲೆನೋವಿಲ್ಲ. ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಯಾರಿದ್ದಾರೋ ಅವರೇ ತಂಡ. ಇಂಗ್ಲೆಂಡಿನ ಫುಟ್‌ಬಾಲ್ ಲೀಗಾದ ಪ್ರೀಮಿಯರ್ ಲೀಗ್ ತಾನೇ ನಡೆಸುವ ಎಫ್‌ಪಿಎಲ್ (ಫ್ಯಾಂಟಸಿ ಪ್ರೀಮಿಯರ್ ಲೀಗ್) ಡ್ರಾಫ್ಟ್‌ನಲ್ಲಿ ಆರಿಸುವುದೇ ಅರ್ಧ ಆಟ. ನಾವು ಆರಿಸಿದವರು ನಿಜ ಪಂದ್ಯಗಳಲ್ಲಿ ಆಡಿದ್ದಕ್ಕೆ ತಕ್ಕಂತೆ ನಮಗೆ ಅಂಕ. ಮಾಮೂಲಿ ಎಫ್‌ಪಿಎಲ್‌ನಲ್ಲಿ ಆರ್ಸೆನಲ್ ಕ್ಲಬ್ಬಿನ ಬುಕಾಯೊ ಸಾಕಾ ಎಲ್ಲರ ತಂಡದಲ್ಲೂ ಇರಬಹುದು. ಇಲ್ಲಿ ಹಾಗಲ್ಲ, ಒಬ್ಬರು ಎತ್ತಿಕೊಂಡರೆ ಒಟ್ಟಿಗೆ ಆಡುವ ಆ ಗುಂಪಿನಲ್ಲಿ ಬೇರೆಯವರಿಗೆ ಸಾಕಾ ಇಲ್ಲ. ಆಟಗಾರರಿಗೆ ಬೆಲೆ ಇಲ್ಲ, ಕ್ಯಾಪ್ಟನ್ ಇಲ್ಲ. ಆಡಲು ಕಾಸೂ ಬೇಡ. ಹಾಗಾಗಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕಾಯ್ದೆಯ ತಂಟೆಯೂ ಇದಕ್ಕಿಲ್ಲ.

ಒಬ್ಬೊಬ್ಬರಿಗೆ 15 ಆಟಗಾರರು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಸರದಿ ಹಾವಿನ ಹಾಗೆ ತಿರುಗುತ್ತದೆ. ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವರು ಎರಡನೆಯದರಲ್ಲಿ ಮೊದಲಿಗರು. ಎಂಟು ಜನ ಸೇರಿದರೆ 120 ಆಟಗಾರರು ಖಾಲಿ. ಹತ್ತು ಜನರಾದರೆ 20 ಗೋಲ್‌ಕೀಪರ್‌ಗಳು ಬೇಕು, ಪ್ರೀಮಿಯರ್ ಲೀಗಿನಲ್ಲಿರುವುದೂ 20 ಕ್ಲಬ್ಬೇ. ಆಟ ಖುಷಿ ಕೊಡುವುದು ಆರರಿಂದ ಎಂಟು ಜನರಿದ್ದಾಗ. ಅದಕ್ಕಿಂತ ಹೆಚ್ಚಾದರೆ ಕೊನೆಯ ಸುತ್ತುಗಳಲ್ಲಿ ಬೆಂಚಿನಿಂದ ಏಳದವರನ್ನು ಹೆಕ್ಕುತ್ತಾ ಕೂರಬೇಕು.

ಆ್ಯಪ್‌ನ ದೊಡ್ಡ ಕುಂದು, ಅದು ಕೊಡುವ ಆಟಗಾರರ ಪಟ್ಟಿಯನ್ನು ಹಾಗೇ ನಂಬಿದವರನ್ನು ಅದು ದಾರಿ ತಪ್ಪಿಸುವುದು. ಆರ್ಸೆನಲ್ ಒಂದನ್ನೇ ತೆಗೆದುಕೊಂಡರೂ ಇದು ಗೊತ್ತಾಗುತ್ತದೆ. ಸಾಕಾ 2023-24ರಲ್ಲಿ 16 ಗೋಲು ಹೊಡೆದ. ಮುಂದಿನ ಸೀಸನ್‌ನಲ್ಲಿ ಡಿಸೆಂಬರ್ 21ರಂದು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಹ್ಯಾಮ್‌ಸ್ಟ್ರಿಂಗ್ ಕೈಕೊಟ್ಟು, ಮರಳಿದ್ದು ಏಪ್ರಿಲ್ 1ಕ್ಕೆ. ಗೋಲು ಆರೇ. ಒಟ್ಟು ಅಂಕ ನೋಡಿದರೆ ಸಾಧಾರಣ ಆಟಗಾರ. ಆದರೆ ಆಡಿದ 25 ಪಂದ್ಯಗಳಲ್ಲಿ 10 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್) ಇವೆ. ಒಟ್ಟು ಅಂಕವನ್ನು ಆಡಿದ ಪಂದ್ಯಗಳಿಂದ ಭಾಗಿಸಿಯೇ ಹೋಲಿಸಬೇಕು. ಈ ಲೆಕ್ಕ ಮಾಡುವವರಿಗೆ ಎರಡನೇ ಸುತ್ತಿನಲ್ಲೂ ಸಾಕಾ ಸಿಕ್ಕಾನು, ಮಾಡದವರು ಬಿಟ್ಟುಕೊಡುತ್ತಾರೆ.

ಎರಡನೆಯದು, ಹೆಸರಿನ ಪಕ್ಕದ ಹಣೆಪಟ್ಟಿ. ಗೋಲಿಗೆ ಡಿಫೆಂಡರ್‌ಗೆ 6, ಮಿಡ್‌ಫೀಲ್ಡರ್‌ಗೆ 5, ಫಾರ್ವರ್ಡ್‌ಗೆ 4 ಅಂಕ. ಸೀಸನ್ ನಡುವೆ ಆಟಗಾರ ಮೈದಾನದಲ್ಲಿ ಎಲ್ಲಿ ಆಡಿದರೂ ಹಣೆಪಟ್ಟಿ ಬದಲಾಗುವುದಿಲ್ಲ. 2025ರ ಫೆಬ್ರವರಿಯಲ್ಲಿ ಹಾವರ್ಟ್ಸ್, ಜೀಸಸ್ ಇಬ್ಬರೂ ಗಾಯಗೊಂಡು ಆರ್ಸೆನಲ್‌ಗೆ ಸ್ಟ್ರೈಕರೇ ಇರಲಿಲ್ಲ. ಲೆಸ್ಟರ್ ವಿರುದ್ಧ ಮೆರಿನೊ ಬದಲಿಯಾಗಿ ಇಳಿದು, ಸ್ಟ್ರೈಕರ್ ಜಾಗದಲ್ಲಿ ನಿಂತು ಎರಡು ಗೋಲು ಹೊಡೆದ. ಮಿಡ್‌ಫೀಲ್ಡರ್ ಲೆಕ್ಕದಲ್ಲಿ ಗೋಲಿಗೆ 10, ಇಳಿದದ್ದಕ್ಕೆ 1, ಒಟ್ಟು 11, ಬೋನಸ್ ಬೇರೆ. ಫಾರ್ವರ್ಡ್ ಆಗಿದ್ದರೆ 9. ಹಾವರ್ಟ್ಸ್‌ಗೆ ಆದದ್ದು ಇದರ ತಿರುಗುಮುರುಗು. 2023-24ರಲ್ಲಿ ಮಿಡ್‌ಫೀಲ್ಡರ್ ಹಣೆಪಟ್ಟಿಯಲ್ಲಿ 13 ಗೋಲು ಹೊಡೆದವನನ್ನು ಮರುವರ್ಷ ಫಾರ್ವರ್ಡ್ ಮಾಡಿದರು. ಅಷ್ಟೇ ಗೋಲು ಹೊಡೆದರೂ 13 ಅಂಕ ಸೋರಿಹೋಗುತ್ತದೆ, ಮಿಡ್‌ಫೀಲ್ಡರ್‌ಗೆ ಸಿಗುವ ಕ್ಲೀನ್ ಶೀಟ್‌ನ (ತಂಡ ಗೋಲು ಬಿಟ್ಟುಕೊಡದ ಪಂದ್ಯದ) ಒಂದೊಂದು ಅಂಕವೂ ಇಲ್ಲ. ಆಗಸ್ಟ್‌ನಲ್ಲಿ ಮೊದಲು ನೋಡಬೇಕಾದದ್ದು ಯಾರ ಹಣೆಪಟ್ಟಿ ಬದಲಾಗಿದೆ ಅನ್ನುವುದನ್ನು.

ಡಿಫೆನ್ಸ್‌ನಲ್ಲಿ ಸಲಿಬಾನ ಹೆಸರು ದೊಡ್ಡದು. 2023-24ರಲ್ಲಿ 38 ಪಂದ್ಯಗಳ ಒಂದು ನಿಮಿಷವನ್ನೂ ಬಿಡದೆ ಆಡಿದ. ಆದರೂ ಮೊದಲು ಎತ್ತಬೇಕಾದವನು ಗೇಬ್ರಿಯೆಲ್. ಕ್ಲೀನ್ ಶೀಟ್‌ನ 4 ಅಂಕ ಇಬ್ಬರಿಗೂ ಒಂದೇ, ವ್ಯತ್ಯಾಸ ಇರುವುದು ಕಾರ್ನರ್‌ನಲ್ಲಿ. ಆ ವರ್ಷ ಗೇಬ್ರಿಯೆಲ್ 4 ಗೋಲು, ಸಲಿಬಾ 2. ಸಾಕಾ, ರೈಸ್ ಕಾರ್ನರ್ ಎತ್ತಿದರೆ ಗೋಲಿನ ಮುಂದೆ ನುಗ್ಗುವ ತಲೆ ಗೇಬ್ರಿಯೆಲ್‌ನದು. ಹಾಕಿ ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ, ಪೆನಾಲ್ಟಿ ಕಾರ್ನರ್ ಹೊಡೆಯುವ ಫುಲ್‌ಬ್ಯಾಕ್ ತಂಡದಲ್ಲಿದ್ದರೆ ಏನು ಲಾಭವೋ ಅದೇ ಇದು. 2025-26ರಿಂದ ಡಿಫೆಂಡರ್ ಒಂದು ಪಂದ್ಯದಲ್ಲಿ ಟ್ಯಾಕಲ್, ಕ್ಲಿಯರೆನ್ಸ್, ಬ್ಲಾಕ್, ಇಂಟರ್‌ಸೆಪ್ಶನ್ ಸೇರಿಸಿ 10 ಮುಟ್ಟಿದರೆ 2 ಅಂಕ ಹೆಚ್ಚುವರಿ. ಸದಾ ಚೆಂಡು ತನ್ನಲ್ಲೇ ಇಟ್ಟುಕೊಳ್ಳುವ ತಂಡದ ಡಿಫೆಂಡರ್‌ಗಿಂತ, ಇಡೀ ದಿನ ಚೆಂಡು ಹೊರದಬ್ಬುವ ಕೆಳಗಿನ ತಂಡದವನಿಗೆ ಇದು ಹೆಚ್ಚು ಒದಗುತ್ತದೆ.

ಕೀಪರ್ ರಾಯಾ 2023-24ರಲ್ಲಿ 16 ಕ್ಲೀನ್ ಶೀಟ್, ಮರುವರ್ಷ 13. ಬರೀ ಅದರಿಂದಲೇ 64 ಮತ್ತು 52 ಅಂಕ. ಹಾಗೆಂದು ಮೂರನೇ ಸುತ್ತಿನಲ್ಲೇ ಎತ್ತುವುದು ದುಂದು. ಮೂರು ಸೇವ್‌ಗೆ ಒಂದು ಅಂಕ, ಆರ್ಸೆನಲ್ ಕೀಪರ್‌ಗೆ ಸೇವ್ ಮಾಡುವ ಕೆಲಸವೇ ಕಡಿಮೆ. ಏಳನೇ ಸುತ್ತಿನ ಆಚೀಚೆ ಸಿಕ್ಕರೆ ಸರಿ, ಸಿಗದಿದ್ದರೆ ಕೆಳಗಿನ ತಂಡದ ಕೀಪರ್ ಸೇವ್‌ಗಳಲ್ಲೇ ಸ್ವಲ್ಪ ತುಂಬಿಕೊಡುತ್ತಾನೆ. ಒಡೆಗಾರ್ಡ್, ಮಾರ್ಟಿನೆಲ್ಲಿ ನಡುಸುತ್ತಿನವರು, ಅಷ್ಟೇ.

ಇನ್ನು ಕೊಡಗಿನಲ್ಲಿ ಆಡುವವರ ಪಾಡು. ಸೀಸನ್ ಶುರುವಾಗುವುದು ಆಗಸ್ಟ್ ನಡುವಿಗೆ, ಮಳೆ ಕಚ್ಚಿ ಹಿಡಿದಿರುವ ಹೊತ್ತು. ಭಾಗಮಂಡಲ, ನಾಪೋಕ್ಲು ಕಡೆ ಕರೆಂಟು ಹೋಗಿ, ಹಿಂದೆಯೇ ಟವರೂ ಹೋದರೆ ಸರದಿ ಕಾಯುವುದಿಲ್ಲ. ಸಮಯ ಮುಗಿದೊಡನೆ ಆ್ಯಪ್ ತಾನೇ ಒಬ್ಬನನ್ನು ಎತ್ತಿ ಹಾಕುತ್ತದೆ. ವಾಚ್‌ಲಿಸ್ಟ್ ತುಂಬಿಸಿಟ್ಟಿದ್ದರೆ ಅದರ ಕ್ರಮದಲ್ಲಿ, ಇಲ್ಲದಿದ್ದರೆ ತನ್ನ ಪಟ್ಟಿಯ ಕ್ರಮದಲ್ಲಿ. ಕನಿಷ್ಠ 40 ಹೆಸರು ಮೊದಲೇ ಸಾಲಾಗಿ ಇಟ್ಟಿರಬೇಕು. ಅದರಲ್ಲಿ ಮೇಲಿನಿಂದ ಮೂರು ಹೆಸರೂ ಕೀಪರ್‌ಗಳೇ ಆಗಿರದಂತೆ ನೋಡಿಕೊಳ್ಳಬೇಕು.

ಶನಿವಾರದ ಮೊದಲ ಪಂದ್ಯ ಇಂಗ್ಲೆಂಡಿನ 12.30ಕ್ಕಿದ್ದರೆ ತಂಡ ಕಟ್ಟುವ ಗಡುವು ಇಲ್ಲಿನ ಮಧ್ಯಾಹ್ನ 3.30, ಅಕ್ಟೋಬರ್ ಕೊನೆಗೆ ಅಲ್ಲಿ ಗಡಿಯಾರ ತಿರುಗಿಸಿದ ಮೇಲೆ 4.30. ಯಾರ ತಂಡದಲ್ಲೂ ಇಲ್ಲದ ಆಟಗಾರರಿಗಾಗಿ ಹಾಕುವ ವೇವರ್ ಅರ್ಜಿಗೆ ಗಡುವು ಅದಕ್ಕೂ 24 ಗಂಟೆ ಮೊದಲು. ಶನಿವಾರ ಬೆಳಿಗ್ಗೆ ನೋಡೋಣ ಅಂದವರಿಗೆ ಉಳಿಯುವುದು ಬೇರೆಯವರು ಬಿಟ್ಟ ಕಸ. ಕಾಫಿ ಕೊಯ್ಲಿನ ಡಿಸೆಂಬರ್‌ನಲ್ಲಿ ವಾರದ ನಡುವೆಯೂ ಪಂದ್ಯಗಳಿರುತ್ತವೆ. ಅಲ್ಲಿನ ರಾತ್ರಿ 7.30ರ ಪಂದ್ಯ ಇಲ್ಲಿ ನಡುರಾತ್ರಿ ಒಂದು ಗಂಟೆಗೆ, ಗಡುವು ರಾತ್ರಿ 11.30ಕ್ಕೆ, ವೇವರ್ ಹಿಂದಿನ ರಾತ್ರಿಯೇ. ಆ ತಿಂಗಳು ಆಳುಗಳಿಗೆ ಕೂಲಿ ಬಟವಾಡೆ ಮುಗಿಸಿ ಮಲಗುವ ಮುನ್ನ ಅರ್ಜಿ ಹಾಕುವುದು ಒಳ್ಳೆಯದು.