82 ಸಾವಿರದ ಸಿಸ್ಟಮ್, ಎರಡೂವರೆ ವರ್ಷ ಮದುವೆ ವಿಡಿಯೋ ಎಡಿಟಿಂಗ್ ಮಾಡಿದ್ಮೇಲೆ

ಮಂಡ್ಯದಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೋ, ಫೋಟೋ ವಿಡಿಯೋ ಆಲ್ಬಮ್ ಎಲ್ಲಾ ನಾನು ನನ್ನ ತಮ್ಮ ಇಬ್ರೇ ನೋಡ್ಕೋತೀವಿ. 2023ರ ಆಷಾಢದಲ್ಲಿ ಎಡಿಟಿಂಗ್‌ಗೆ ಹೊಸ ಕಂಪ್ಯೂಟರ್ ಸಿಸ್ಟಮ್ ಹಾಕಿಸ್ದೆ. ಅವಾಗಿಂದ ನಮ್ಮ ಫೀಲ್ಡ್ ಹುಡುಗರು "ಅಣ್ಣಾ ಅಷ್ಟು ದುಡ್ಡು ಹಾಕಿದ್ದು ಗಿಟ್ತಾ?" ಅಂತ ಕೇಳ್ತಾನೇ ಅವ್ರೆ. ತಗೊಂಡ ವಾರದಲ್ಲೇ ಹೇಳಿದ್ರೆ ಅದು ಬರೀ ಹೊಸ ಸಾಮಾನಿನ ಖುಷಿ, ಈಗ ಎರಡೂವರೆ ವರ್ಷ ಹಗಲು ರಾತ್ರಿ ದುಡ್ಸಿದೀನಿ, ಈಗ ಹೇಳ್ತೀನಿ.

ಹಳೇದು 2015ರಲ್ಲಿ ತಗೊಂಡಿದ್ದು, ಇಂಟೆಲ್ ಐ5 ನಾಲ್ಕನೇ ಜನರೇಷನ್ ಪ್ರೊಸೆಸರ್, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. 2019ರಲ್ಲಿ ಅದಕ್ಕೇ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ಸ್ಪೀಡಾಗಿರೋ ಸ್ಟೋರೇಜ್) ಹಾಕಿ ರ‍್ಯಾಮ್ 16 ಮಾಡಿಸ್ದೆ, 7 ಸಾವಿರದೊಳಗೆ ಮುಗೀತು. ಕಂಪ್ಯೂಟರ್‌ಗೆ ಹಾಕಿದ ದುಡ್ಡಲ್ಲಿ ಅಷ್ಟು ಬೇಗ ವಾಪಸ್ ಬಂದಿದ್ದು ಇನ್ನೊಂದಿಲ್ಲ ನೋಡಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100-150 ಎಂಬಿ ಓದೋ ಕಡೆ ಸಾಟಾ ಎಸ್‌ಎಸ್‌ಡಿ 500 ದಾಟುತ್ತೆ, ಫೋಟೋಶಾಪಲ್ಲಿ ಆಲ್ಬಮ್ ಶೀಟ್ ಓಪನ್ ಆಗೋವರೆಗೂ ಕೂತು ಕಾಯೋದು ಅವತ್ತಿಗೇ ನಿಂತೋಯ್ತು. ಆದ್ರಿಂದ ಬರೀ ಆಲ್ಬಮ್ಮು, ಫ್ಲೆಕ್ಸು, ಪಾಸ್‌ಪೋರ್ಟ್ ಫೋಟೋ ಮಾಡೋರು ಎಸ್‌ಎಸ್‌ಡಿ ಹಾಕ್ಸಿ ಸಾಕು, ಪೂರ್ತಿ ಸಿಸ್ಟಮ್ ಬೇಡ.

ನಮಗೆ ಕಷ್ಟ ಶುರುವಾಗಿದ್ದು 4ಕೆ ಕ್ಯಾಮೆರಾ ತಗೊಂಡ ಮೇಲೆ. ಅದ್ರಲ್ಲಿ ನಾವು ಶೂಟ್ ಮಾಡೋದು ಎಚ್‌ಇವಿಸಿ, 10 ಬಿಟ್, 4:2:2, ಅಂದ್ರೆ ಬಣ್ಣದ ವಿವರ ಜಾಸ್ತಿ ಇರೋ, ಪ್ಲೇ ಮಾಡೋಕೆ ಕಂಪ್ಯೂಟರ್ ಒದ್ದಾಡೋ ಫಾರ್ಮ್ಯಾಟು. ಹಳೇ ಸಿಸ್ಟಮಲ್ಲಿ ಪ್ಲೇ ಒತ್ತಿದ್ರೆ ಧಾರೆ ಎರೆಯೋ ಸೀನು ಒಂದೊಂದೇ ಫ್ರೇಮ್ ಕದಲೋದು. ಪ್ರಾಕ್ಸಿ (ಅದೇ ಫೂಟೇಜಿನ ಹಗುರವಾದ ಕಾಪಿ) ಮಾಡ್ಕೊಂಡು ಎಡಿಟ್ ಮಾಡ್ತಿದ್ದೆ, ಪ್ರಾಕ್ಸಿ ಆಗೋಕೇ ಒಂದು ರಾತ್ರಿ, ಆಮೇಲೆ ಮೂರು ಗಂಟೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹತ್ತು ಹನ್ನೊಂದು ಗಂಟೆ, ಮಧ್ಯೆ ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಚಪ್ರ, ರಿಸೆಪ್ಷನ್, ಮುಹೂರ್ತ, ಬೀಗರೂಟ ಅಂತ ಒಂದು ಮದುವೆಗೇ ನಾಕು ಪ್ರೋಗ್ರಾಂ, ಸೀಸನಲ್ಲಿ ವಾರಕ್ಕೆ ಮೂರು ಮದುವೆ. ಕೈಗೆ ಸಿಗ್ದೇ ಇದ್ದ ಎಡಿಟಿಂಗ್ ಎಲ್ಲಾ ಮೈಸೂರಲ್ಲಿ ಒಬ್ರಿಗೆ ಕೊಡ್ತಿದ್ದೆ, ಒಂದು ಮದುವೆಗೆ 6 ಸಾವಿರ. ಆಷಾಢ ಬಂದು ಕೆಲಸ ಕಮ್ಮಿಯಾದಾಗ ಲೆಕ್ಕದ ಪುಸ್ತಕ ತೆಗೆದು ಕೂತೆ, ಒಂದು ವರ್ಷಕ್ಕೆ ಹಂಗೆ ಹೊರಗೆ ಕೊಟ್ಟಿದ್ದು 14 ಮದುವೆ, 84 ಸಾವಿರ! ಕಂಪ್ಯೂಟರ್ ಕೊಟೇಶನ್ 82. ಅವತ್ತೇ ತೀರ್ಮಾನ ಮಾಡ್ದೆ.

ಇಲ್ಲೊಂದು ಮಾತು ಗಮನ ಇಟ್ಟು ಕೇಳಿ, ರೆಂಡರ್, ಅಂದ್ರೆ ಎಡಿಟ್ ಆದ ವಿಡಿಯೋ ಎಕ್ಸ್‌ಪೋರ್ಟ್ ಆಗೋದು, ಎಷ್ಟು ಹೊತ್ತು ಅಂತ ಎಲ್ರೂ ನೋಡ್ತಾರೆ, ಆದ್ರೆ ರಾತ್ರಿ ನಾವು ಮಲಗಿದ್ದಾಗ ಅದು ಎರಡು ಗಂಟೆ ತಗೊಂಡ್ರೇನು ಏಳು ಗಂಟೆ ತಗೊಂಡ್ರೇನು. ದುಡ್ಡು ಹೋಗೋದು ನಾವು ಮೌಸ್ ಹಿಡ್ಕೊಂಡು ಸ್ಕ್ರೀನ್ ನೋಡ್ತಾ ಸುಮ್ನೆ ಕೂತಿರೋ ಟೈಮಿಗೆ. ಒಂದು ವಾರ ಅದನ್ನ ಬರೆದಿಡಿ, ಯಾವ ಕೆಲಸದಲ್ಲಿ ಕೂತ್ಕೊಂಡ್ವಿ ಅಂತ, ಆಮೇಲೆ ಅಂಗಡಿಗೆ ಹೋಗಿ.

ತಗೊಂಡಿದ್ದು ಐ5-12400, 32 ಜಿಬಿ ಡಿಡಿಆರ್4, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 3060 12 ಜಿಬಿ ಗ್ರಾಫಿಕ್ಸ್ ಕಾರ್ಡ್. ಅಂಗಡಿಯವ್ರು 12400ಎಫ್ ತಗೊಳ್ಳಿ, ಒಂದೂವರೆ ಸಾವಿರ ಉಳಿಯುತ್ತೆ, ಹೆಂಗೂ ಗ್ರಾಫಿಕ್ಸ್ ಕಾರ್ಡ್ ಇದೆಯಲ್ಲ ಅಂದ್ರು. ದಯವಿಟ್ಟು ಅದಕ್ಕೆ ಒಪ್ಕೋಬೇಡಿ. ಎಫ್ ಅಂದ್ರೆ ಚಿಪ್ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ. ಎಚ್‌ಇವಿಸಿ 4:2:2ನ ಆರ್‌ಟಿಎಕ್ಸ್ 3060 ಡಿಕೋಡ್ ಮಾಡಲ್ಲ (ಪ್ಯಾಕ್ ಆಗಿರೋ ವಿಡಿಯೋನ ಬಿಚ್ಚಿ ಕೊಡಲ್ಲ), 27 ಸಾವಿರ ಕೊಟ್ಟ ಕಾರ್ಡ್ ಅಲ್ಲಿ ಸುಮ್ನಿರುತ್ತೆ, ಆ ಕೆಲಸ ಮಾಡೋದು ಇಂಟೆಲ್ ಚಿಪ್ ಒಳಗಿನ ಕ್ವಿಕ್ ಸಿಂಕ್. ಎಚ್.264 ಅನ್ನೋ ಹಳೇ ಫಾರ್ಮ್ಯಾಟಲ್ಲಿ 4:2:2 ಶೂಟ್ ಮಾಡ್ತಿದ್ರೆ ಈ ಚಿಪ್ಪಲ್ಲಿ ಕ್ವಿಕ್ ಸಿಂಕೂ ಕೈ ಹಿಡಿಯಲ್ಲ, ಕ್ಯಾಮೆರಾ ಸೆಟ್ಟಿಂಗ್ ಮೊದ್ಲು ನೋಡ್ಕೊಳ್ಳಿ.

ಇಷ್ಟೆಲ್ಲಾ ತಿಳ್ಕೊಂಡು ತಂದ್ರೂ ಮೊದಲ ಎರಡು ತಿಂಗಳು ಎಡಿಟ್ ಮಾಡೋವಾಗ ಟೈಮ್‌ಲೈನಲ್ಲಿ ವಿಡಿಯೋ ತಡವರಿಸ್ತಾನೇ ಇತ್ತು, 82 ಸಾವಿರ ನೀರಿಗೆ ಹಾಕ್ದಂಗಾಯ್ತು ಅಂತ ನಂಗೆ ನಿದ್ದೆ ಇಲ್ಲ. ಅಂಗಡಿಗೆ ಎರಡು ಸಲ ಹೊತ್ಕೊಂಡೋದೆ, ಎಲ್ಲಾ ಸರಿ ಇದೆ ಅಂತ ವಾಪಸ್ ಕೊಟ್ರು. ಕೊನೆಗೆ ತಮ್ಮ ಹುಡುಕ್ದ. ಆರ್‌ಟಿಎಕ್ಸ್ ಕಾರ್ಡ್ ಹಾಕಿದಾಗ ಬಯೋಸಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗಲ್ಲಿ) ಚಿಪ್ಪಿನ ಗ್ರಾಫಿಕ್ಸ್ ಆಫ್ ಆಗಿತ್ತು, ಐಜಿಪಿಯು ಮಲ್ಟಿ ಮಾನಿಟರ್ ಅನ್ನೋದನ್ನ ಆನ್ ಮಾಡಿ, ನಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಒಳಗೆ ಇಂಟೆಲ್ ಡಿಕೋಡಿಂಗ್ ಟಿಕ್ ಮಾಡಿದ್ವಿ ನೋಡಿ, ಎರಡು ಕ್ಯಾಮೆರಾ ಫೂಟೇಜ್ ಒಟ್ಟಿಗೇ ನೀರು ಹರಿದಂಗೆ ಓಡ್ತು. ಅವತ್ತಿಂದ ಪ್ರಾಕ್ಸಿ ಮಾಡೇ ಇಲ್ಲ. ನಾಕು ದಿನದ ಎಡಿಟಿಂಗ್ ಎರಡೂವರೆ ದಿನಕ್ಕೆ ಬಂತು, ಆಮೇಲಿನ ಸೀಸನಲ್ಲಿ ಹೊರಗೆ ಕೊಟ್ಟಿದ್ದು ಮೂರೇ ಮದುವೆ.

ಕೊಟೇಶನಲ್ಲಿ ಇಲ್ದೇ ಇದ್ದ ಖರ್ಚು ಯುಪಿಎಸ್. ಹಳೇ 600 ವಿಎ ಯುಪಿಎಸ್ ರೆಂಡರ್ ಟೈಮಲ್ಲಿ ಕರೆಂಟ್ ಹೋದ ತಕ್ಷಣ ಕೀಂಯ್ ಅಂದು ಆಫ್ ಆಗೋಯ್ತು, ಆ ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತೆ. 1100 ವಿಎ ತರಬೇಕಾಯ್ತು, ಇನ್ನೊಂದು 5 ಸಾವಿರ.

ಏನೂ ಬದಲಾಗದೇ ಇರೋದೂ ಇದೆ. ಫೂಟೇಜ್ ಸೇವ್ ಆಗೋದು ಈಗ್ಲೂ ಹಾರ್ಡ್ ಡಿಸ್ಕಲ್ಲೇ, ಕಾಪಿ ಆಗೋ ಹೊತ್ತು ಅಷ್ಟೇ ಇದೆ. ಆಲ್ಬಮ್ ಲೇಟಾಗೋದು ಕಂಪ್ಯೂಟರಿಂದ ಅಲ್ವೇ ಅಲ್ಲ, ಹೆಣ್ಣಿನ ಕಡೆಯವ್ರು ಗಂಡಿನ ಕಡೆಯವ್ರು ಕೂತು ಫೋಟೋ ಸೆಲೆಕ್ಟ್ ಮಾಡಿ ಕೊಡೋಕೇ ಎರಡು ತಿಂಗಳು ಬೇಕು, ಅದಕ್ಕೆ ಯಾವ ಪ್ರೊಸೆಸರ್ ಹಾಕೋಣ ಹೇಳಿ.

ಹಳೇ ಸಿಸ್ಟಮ್ ಇನ್ನೂ ಇದೆ, ಆಲ್ಬಮ್ ಡಿಸೈನ್ ಎಲ್ಲಾ ಅದ್ರಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತು, ನಾಲ್ಕನೇ ಜನರೇಷನ್ನಿಗೆ ವಿಂಡೋಸ್ 11 ಅಫೀಶಿಯಲ್ಲಾಗಿ ಸಿಗಲ್ಲ, ಅದಕ್ಕೆ ಇಂಟರ್ನೆಟ್ ಕಿತ್ತು ಪೆನ್‌ಡ್ರೈವಲ್ಲಿ ಶೀಟ್ ತಗೊಂಡು ಪ್ರಿಂಟಿಗೆ ಕಳಿಸ್ತೀವಿ. ತಮ್ಮ ಈಗ ಆರ್‌ಟಿಎಕ್ಸ್ 50 ಸೀರೀಸ್ ಗ್ರಾಫಿಕ್ಸ್ ಕಾರ್ಡ್ ತರೋಣ, ಅದು 4:2:2 ತಾನೇ ಡಿಕೋಡ್ ಮಾಡುತ್ತೆ ಅಂತಾವ್ನೆ. ನಿಜಾನೇ, ಆದ್ರೆ ಅದಕ್ಕೋಸ್ಕರ ಕೂತು ಕಾಯೋ ಕೆಲಸ ನಮಗೀಗ ಉಳಿದಿಲ್ಲ, ಅದಕ್ಕೆ ಬೇಡ ಅಂದೆ. ಬ್ಯಾಕಪ್‌ಗೆ ಒಂದು 4 ಟಿಬಿ ಡಿಸ್ಕ್ ಮಾತ್ರ ತರ್ತಿದೀನಿ.