ಬೆಂಗಳೂರಲ್ಲಿ ಒಂದೇ ದಿನ: ಚಿಕ್ಕಪೇಟೆಯೋ, ಶಿವಾಜಿನಗರವೋ?

ತಾಳಗುಪ್ಪ–ಮೈಸೂರು ರೈಲಿನಲ್ಲಿ ರಾತ್ರಿ ಶಿವಮೊಗ್ಗ ಬಿಟ್ಟರೆ ಬೆಳಗಾಗುವ ಹೊತ್ತಿಗೆ ಮೆಜೆಸ್ಟಿಕ್. ರೂಮಿನ ಖರ್ಚಿಲ್ಲ. ಜೇಬಿನ ದುಡ್ಡೆಲ್ಲ ಹೊಟ್ಟೆಗೇ!

ಚಿಕ್ಕಪೇಟೆ ಸುಲಭ. ಹಸಿರು ಮೆಟ್ರೋದಲ್ಲಿ ಮುಂದಿನ ಸ್ಟೇಷನ್ನೇ ಅದು. ಮಾರವಾಡಿ, ಗುಜರಾತಿ, ತೆಲುಗು, ತಮಿಳು ಎಲ್ಲ ಒಂದೇ ಗಲ್ಲಿಯಲ್ಲಿ ಕೇಳಿಸುತ್ತದೆ. ಬೆಳಿಗ್ಗೆ ಬೇಗ ಹೋಗಿ, ದೋಸೆ ತಿಂದು ಗಲ್ಲಿ ಸುತ್ತಿ. ಮಧ್ಯಾಹ್ನ ಜನಜಂಗುಳಿ, ಕಾಲಿಡೋಕೆ ಜಾಗ ಇರಲ್ಲ. ಸಂಜೆ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ವಿವಿ ಪುರಂ ತಿಂಡಿ ಬೀದಿಗೆ ನಡೆಯಿರಿ. ಚಳಿಗಾಲವಾದರೆ ಅವರೆಕಾಯಿ ತಿಂಡಿಗಳೂ ಸಿಗುತ್ತವೆ. ಆದರೆ ಅಕ್ಕಿ ರೊಟ್ಟಿ, ಹೋಳಿಗೆ ನಮ್ಮ ಮನೆಯಲ್ಲೇ ಇದೆ ಅಲ್ವಾ?

ಅದಕ್ಕೇ ನನ್ನ ಓಟು ಶಿವಾಜಿನಗರಕ್ಕೆ. ಮೆಜೆಸ್ಟಿಕ್‌ನಿಂದ ಸಿಟಿ ಬಸ್ ಸಾಕು. 1927ರ ರಸೆಲ್ ಮಾರ್ಕೆಟ್, ಪಕ್ಕದಲ್ಲೇ ಸೀರೆ ಉಟ್ಟ ಮೇರಿ ಮಾತೆಯ ಸೇಂಟ್ ಮೇರಿ ಬೆಸಿಲಿಕಾ ಚರ್ಚ್, ಸುತ್ತಲೂ ಉರ್ದು, ತಮಿಳು ಮಾತು. ಮಾರ್ಕೆಟ್ ನೋಡೋಕೆ ಬೆಳಿಗ್ಗೆ ಒಳ್ಳೆಯದು, ತಿನ್ನೋಕೆ ಸಂಜೆ. ಕೆಂಡದ ಮೇಲೆ ಕಬಾಬ್ ಕಂಬಿ ತಿರುಗುತ್ತಿರುತ್ತದೆ. ಕೊಬ್ಬು ಕೆಂಡಕ್ಕೆ ಬಿದ್ದು ಚುರ್ ಅನ್ನುತ್ತದೆ. ಈರುಳ್ಳಿ, ನಿಂಬೆಹಣ್ಣು ಪಕ್ಕಕ್ಕೆ, ಕೊನೆಗೊಂದು ಹಾಲಿಲ್ಲದ ಸುಲೇಮಾನಿ ಚಹಾ. ಇಬ್ಬರಿದ್ದರೆ ಒಂದೊಂದು ಪ್ಲೇಟ್ ಹಂಚಿಕೊಳ್ಳಿ, ನಾಲ್ಕು ಕಡೆ ರುಚಿ ನೋಡಬಹುದು. ರಂಜಾನ್ ತಿಂಗಳಲ್ಲಂತೂ ರಾತ್ರಿ ಬೀದಿಯೇ ಬೇರೆ, ನೂಕುನುಗ್ಗಲೂ ಜಾಸ್ತಿ.

ಸಸ್ಯಾಹಾರಿಗಳು, ಅಜ್ಜ-ಅಜ್ಜಿ ಜೊತೆಗಿದ್ದವರು ಸುಮ್ನೆ ಚಿಕ್ಕಪೇಟೆ ಕಡೆ ಹೋಗಿ. ರಾತ್ರಿ ವಾಪಸ್ ರೈಲಿದ್ದರೆ ಎರಡು ಕಡೆಯಿಂದಲೂ ಒಂದು ಗಂಟೆ ಮೊದಲೇ ಹೊರಡಿ. ಸಂಜೆಯ ಟ್ರಾಫಿಕ್ ಯಾರ ಮಾತೂ ಕೇಳಲ್ಲ.